ನೊಗದ ಬಳಗ

ಅಪ್ಪನ ನೊಗ ಇನ್ನೂ ನಮ್ಮ ಗ್ವಾದಲಿಯ ಮೇಲಿನ ಗೂಟಕ್ಕಿದೆ. ಎತ್ತು ಮಾರಿ ಹತ್ತೊಂಬತ್ತು ವರ್ಷವಾಯಿತು. ಹೊಲಕ್ಕೆ ಈಗ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಕುಂಟಿ, ಕೂರಗಿ ಎಲ್ಲ ಒಂದೊಂದಾಗಿ ಒಲೆಗೆ ಹೋದವು. ನೊಗಕ್ಕೆ ಮಾತ್ರ ಕೊಡಲಿ ಹಾಕಲು ನನಗೆ ಕೈ ಬರಲಿಲ್ಲ. ಜಾಲಿ ಕಟ್ಟಿಗೆಯದು. ಎರಡೂ ಕಡೆ ಎತ್ತಿನ ಹೆಗಲು ಉಜ್ಜಿ ಉಜ್ಜಿ ಬಿದ್ದ ತಗ್ಗು ಕನ್ನಡಿಯಷ್ಟು ನುಣುಪಾಗಿದೆ.

ನಮ್ಮ ಹನ್ನೂರ ಅಕ್ಕಲಕೋಟ ತಾಲೂಕಿನದು, ಸೊಲ್ಲಾಪುರ ಜಿಲ್ಲೆ. ಮನೆಯಲ್ಲಿ ಕನ್ನಡ, ಹೊಲದ ಸಾತ್‌ಬಾರಾ ಉತಾರೆಯಲ್ಲಿ ಮರಾಠಿ. ಅಪ್ಪನ ಕಾಲಕ್ಕೆ ನಮ್ಮಲ್ಲಿ ಒಬ್ಬ ಮರಾಠಿ ಸಾಲಗಡಿ, ಅಂದರೆ ವರ್ಷದ ಆಳು, ಇದ್ದ. ಉಗಾದಿ ಪಾಡ್ಯದಿಂದ ಪಾಡ್ಯದವರೆಗೆ ಅವನ ಕರಾರು. ಬೆಳಿಗ್ಗೆ ಅಪ್ಪ "ಬಾಪೂ, ನೊಗಾ ತಗೊಂಡ ಬಾರೋ" ಅಂದರೆ ಅವನು ಒಳಗಿನಿಂದಲೇ "ಜೂ ಆಣತೋ, ಮಾಲಕ" ಅನ್ನುತ್ತಿದ್ದ. ಒಂದೇ ಕಟ್ಟಿಗೆಗೆ ಎರಡು ಹೆಸರು. ಅಪ್ಪನಿಗೆ ಅವನ ಮಾತು, ಅವನಿಗೆ ಅಪ್ಪನ ಮಾತು ತಿಳಿಯುತ್ತಿತ್ತು. ಆದರೆ ಇಬ್ಬರೂ ತಮ್ಮ ತಮ್ಮ ಶಬ್ದ ಬಿಡಲಿಲ್ಲ.

ನಾನು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ಮಾಸ್ತರ, ಈಗ ನಿವೃತ್ತ. 2015ರಲ್ಲಿ ಮೊದಲ ಸಲ ಜೂನ್ 21ಕ್ಕೆ ಯೋಗ ದಿನ ಆಚರಿಸಬೇಕೆಂದು ಆದೇಶ ಬಂತು. ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದಾಗ ಐದನೇತ್ತೆಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಯೋಗ ಅಂದ್ರ ಏನ್ರಿ?" ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಎತ್ತಿಗೆ ನೊಗಾ ಹೂಡೂದವ್ವಾ." ಎಲ್ಲರೂ ನಕ್ಕರು, ಹೆಡ್‌ಮಾಸ್ತರರೂ. ನಾನು ತಮಾಷೆಗೆ ಹೇಳಿದ್ದಲ್ಲ.

ಸಂಸ್ಕೃತದ ಯುಜ್ ಧಾತು ಎಂದರೆ ಹೂಡು, ಕಟ್ಟು. ಅದರಿಂದ ಯುಗ, ಅಂದರೆ ನೊಗ. ಅದರಿಂದ ಯೋಗ, ಅಂದರೆ ಹೂಡುವುದು. ಋಗ್ವೇದದ ಜನಕ್ಕೆ ಯೋಗ ಎಂದರೆ ಮೂಗು ಹಿಡಿದು ಕೂಡುವುದಲ್ಲ, ರಥಕ್ಕೆ ಕುದುರೆ ಹೂಡುವುದು. ಯುಗ ಎಂದರೆ ಅವರಿಗೆ ನೊಗವೂ ಹೌದು, ಒಂದು ತಲೆಮಾರೂ ಹೌದು: ಒಂದೇ ನೊಗಕ್ಕೆ ಬಿದ್ದು ಜೊತೆಗೆ ಎಳೆದವರು. ಆಮೇಲೆ ಪುರಾಣಿಕರು ಆ ತಲೆಮಾರನ್ನು ಹಿಗ್ಗಿಸಿ ಹಿಗ್ಗಿಸಿ ಕಲಿಯುಗಕ್ಕೆ 4,32,000 ವರ್ಷ ಲೆಕ್ಕ ಹಾಕಿದರು. ಉಗಾದಿಯ ದಿನ ಬೇವು ಬೆಲ್ಲ ತಿನ್ನುವಾಗ ನಮ್ಮ ಬಾಯಲ್ಲಿ ಆ ಹಳೇ ಕಟ್ಟಿಗೆಯ ಹೆಸರೇ ಇರುತ್ತದೆ.

1786ರ ಫೆಬ್ರುವರಿ 2ರಂದು ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ತಾಯಿಯ ಮಕ್ಕಳಿರಬೇಕು, ಆ ತಾಯಿ ಈಗ ಇಲ್ಲದೆಯೂ ಇರಬಹುದು ಎಂದು ಹೇಳಿದ. ಅದಕ್ಕೆ ಸಾಕ್ಷಿ ಬೇಕಿದ್ದರೆ ನಮ್ಮ ಬಾಪೂನ 'ಜೂ' ಒಂದೇ ಸಾಕು. ಗ್ರೀಕಿನಲ್ಲಿ ಜುಗೊನ್, ಲ್ಯಾಟಿನ್ನಿನಲ್ಲಿ ಯುಗುಮ್, ಲಿಥುವೇನಿಯದಲ್ಲಿ ಯುಂಗಸ್, ಪಾರಸಿಯಲ್ಲಿ ಯೂಘ್, ಇಂಗ್ಲಿಷಿನಲ್ಲಿ ಯೋಕ್. 1915ರಲ್ಲಿ ಚೆಕ್ ಪಂಡಿತ ಹ್ರೋಜ್ನಿ ಟರ್ಕಿಯ ಮಣ್ಣಿನ ಹಲಗೆಗಳ ಹಿಟ್ಟೈಟ್ ಭಾಷೆಯ ಗುಟ್ಟು ಬಿಡಿಸಿದ. ಮೂರು ಸಾವಿರ ವರ್ಷಕ್ಕೂ ಹಳೆಯ ಆ ಭಾಷೆಯಲ್ಲೂ ನೊಗಕ್ಕೆ ಯುಗನ್. ಸಂಸ್ಕೃತದ 'ಯ' ಪ್ರಾಕೃತದಲ್ಲಿ 'ಜ' ಆಯಿತು, ನಡುವಿನ 'ಗ' ಸವೆದು ಹೋಯಿತು, ಉಳಿದದ್ದು ಹಿಂದಿಯ ಜುಆ, ಮರಾಠಿಯ ಜೂ. ಸಾಲಗಡಿಯೊಬ್ಬ ನಸುಕಿನಲ್ಲಿ ಕೂಗಿದ ಒಂದಕ್ಷರಕ್ಕೆ ಇಷ್ಟು ದೊಡ್ಡ ಬಳಗ!

ಸೋತವರನ್ನು ನೊಗದ ಕೆಳಗೆ ತೂರಿಸುವುದು ಹಳೆಯ ಇಟಲಿಯ ರೂಢಿ. ಕ್ರಿ.ಪೂ. 321ರಲ್ಲಿ ಸ್ಯಾಮ್ನೈಟರು ರೋಮನ್ ಸೈನ್ಯವನ್ನೇ ಹಾಗೆ ತೂರಿಸಿ ಮಾನ ಕಳೆದರು. ಇಂಗ್ಲಿಷಿನ ಸಬ್ಜುಗೇಟ್ ಎಂಬ ಮಾತಿನ ಒಳಗೆ ಆ ನೊಗವಿದೆ. ದಾಂಪತ್ಯಕ್ಕೆ ಹೇಳುವ ಕಾಂಜುಗಲ್‌ನಲ್ಲೂ ಇದೆ. ನಾವು ಸಂಸಾರದ ನೊಗ ಅನ್ನುವುದನ್ನು ಅವರಿಂದ ಕಲಿಯಲಿಲ್ಲ. ಎತ್ತು ಕಟ್ಟಿದವರಿಗೆಲ್ಲ ಅದು ತಾನಾಗಿ ತಿಳಿಯುತ್ತದೆ.

ಸದ್ದು ಒಂದೇ ಆದ ಮಾತ್ರಕ್ಕೆ ನೆಂಟಸ್ತನ ಕಟ್ಟಬಾರದು. ಯುಗೊಸ್ಲಾವಿಯಾದ 'ಯುಗ್' ಈ ಮನೆತನದ್ದಲ್ಲ, ಅದರ ಅರ್ಥ ದಕ್ಷಿಣ. ನಮ್ಮ ಜೋಡೆತ್ತಿನ 'ಜೋಡು' ಕೂಡ ನೋಡಲು ಮನೆಯವನ ಹಾಗಿದೆ. ಆದರೆ ಪಂಡಿತರು ಅದನ್ನು ಪಂಕ್ತಿಯಲ್ಲಿ ಸಲೀಸಾಗಿ ಕೂರಿಸುವುದಿಲ್ಲ.

ಹಾಗಾದರೆ ಅಪ್ಪನ 'ನೊಗ'? ಇದು ನನ್ನನ್ನು ಬಹಳ ದಿನ ಕಾಡಿದೆ. ನಮ್ಮ ಮಾತು ಬೇರೆ ಮನೆತನದ್ದೆಂದು 1816ರಲ್ಲಿ ಮದರಾಸಿನ ಎಲ್ಲಿಸ್ ಹೇಳಿದ, 1856ರಲ್ಲಿ ಕಾಲ್ಡ್‌ವೆಲ್ ವಿಸ್ತಾರವಾಗಿ ಬರೆದ. ಬರೋ ಮತ್ತು ಎಮೆನೋ ತಮ್ಮ ದ್ರಾವಿಡ ನಿಘಂಟಿನಲ್ಲಿ ನೊಗಕ್ಕೆ ಜಾಗ ಕೊಟ್ಟಿದ್ದಾರೆ, ಪಕ್ಕದಲ್ಲಿ ತಮಿಳು ಮಲಯಾಳಗಳ 'ನುಗಂ' ಇದೆ. ಆದರೆ ಇದೂ ಯುಗವೇ, 'ಯ' ಹೋಗಿ 'ನ' ಬಂದಿದೆ ಎನ್ನುವವರಿದ್ದಾರೆ. ತಮಿಳರು ಯಮನನ್ನು ನಮನ್ ಅನ್ನುತ್ತಾರಲ್ಲ, ಹಾಗೆ. ಅವರ ವಾದ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಆದರೆ ಪ್ರಾಕೃತದ ದಾರಿಯಿಂದ ಬಂದವು 'ಜ'ಕಾರ ಹೊತ್ತೇ ಬಂದಿವೆ: ಯೋಗಿ ಜೋಗಿಯಾದ, ಯೌವನ ಜವ್ವನವಾಯಿತು, ಯಮ ಜವನಾದ. 13ನೆಯ ಶತಮಾನದ ಕೇಶಿರಾಜ ತದ್ಭವಗಳನ್ನು ವಿಂಗಡಿಸುವ ಹೊತ್ತಿಗೆ ಇವೆಲ್ಲ ಕನ್ನಡದಲ್ಲಿ ಹಳಬರು. ನೊಗ ಸಾಲವೇ ಆಗಿದ್ದರೆ ಆ ದಾರಿಯಿಂದ ಬಂದ ಸಾಲವಲ್ಲ. ಬಾಪೂ ಮತ್ತು ಅಪ್ಪ ಬೇರೆ ಬೇರೆ ಶಬ್ದ ಕೂಗುತ್ತಿದ್ದರೋ, ಒಂದೇ ಶಬ್ದವನ್ನು ಎರಡು ಥರ ಕೂಗುತ್ತಿದ್ದರೋ ಎಂದು ನನ್ನನ್ನು ಕೇಳಿದರೆ, ನನ್ನ ಓಟು ಎರಡನೆಯದಕ್ಕೆ. ಎತ್ತಿನ ಕೊರಳಿಗೆ ಬಿಗಿಯುವ ನಮ್ಮ ಜತ್ತಿಗಿಯನ್ನೂ ಸಂಸ್ಕೃತದ ಯೋಕ್ತ್ರ, ಪ್ರಾಕೃತದ ಜೊತ್ತದ ಪಕ್ಕದಲ್ಲೇ ಕೇಳುತ್ತದೆ ನನ್ನ ಕಿವಿ. ಬಂಡಿಯ ಅಚ್ಚಂತೂ ಅಕ್ಷದ ಮಗ, ಇಂಗ್ಲಿಷಿನ ಆ್ಯಕ್ಸಲ್‌ನ ದಾಯಾದಿ.

ಕೂಡಿಸುವುದಕ್ಕೆ ನಮ್ಮದೇ ಶಬ್ದ ಇಲ್ಲವೆಂದಲ್ಲ. ದಕ್ಷಿಣ ಸೊಲ್ಲಾಪುರದಲ್ಲಿ ಭೀಮಾ ಸೀನಾ ಕೂಡುವಲ್ಲಿ ಹತ್ತರಸಂಗ ಕೂಡಲ ಇದೆ. ಅಲ್ಲಿನ ಸಂಗಮೇಶ್ವರ ಗುಡಿಯ ಶಕ 940ರ, ಅಂದರೆ 1018ರ ಶಾಸನದ ಒಂದು ಸಾಲನ್ನು ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಎಣಿಸುತ್ತಾರೆ. ಮರಾಠಿಯ ಆ ಹಳೇ ಸಾಲು ನಿಂತಿರುವ ಊರಿಗೆ ಹೆಸರು ಕನ್ನಡದ 'ಕೂಡಲ'.

ಸೊಲ್ಲಾಪುರದವರಿಗೆ ಯೋಗ ಎಂದರೆ ಮೊದಲು ನೆನಪಾಗುವವನು ಸಿದ್ಧರಾಮ, 12ನೆಯ ಶತಮಾನದ ಸೊನ್ನಲಿಗೆಯ ಶಿವಯೋಗಿ. ಕೆರೆ ಕಟ್ಟಿಸಿದವನು, ಮಣ್ಣು ಹೊತ್ತವನು. ಕುಂಬಾರರ ಮಗಳೊಬ್ಬಳು ಅವನನ್ನೇ ಮದುವೆಯಾಗುತ್ತೇನೆಂದಳಂತೆ. ಅವನು ತನ್ನ ಯೋಗದಂಡದ ಜೊತೆ ಮದುವೆಗೆ ಒಪ್ಪಿದ. ಇಂದಿಗೂ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಊರ 68 ಲಿಂಗಗಳನ್ನು ಸುತ್ತುತ್ತವೆ, ಸಮ್ಮತಿ ಕಟ್ಟೆಯ ಹತ್ತಿರ ಆ ಮದುವೆಯ ಅಕ್ಷತೆ ಬೀಳುತ್ತದೆ. ಆ ಜಾತ್ರೆಯ ಎಣ್ಣಿಮಜ್ಜನಕ್ಕೆ, ಅಂದರೆ ಎಣ್ಣೆಸ್ನಾನಕ್ಕೆ, ಮರಾಠಿ ಪತ್ರಿಕೆಗಳೂ 'ಯಣ್ಣಿಮಜ್ಜನ' ಎಂದೇ ಅಚ್ಚು ಹಾಕುತ್ತವೆ. ಯೋಗದಂಡಕ್ಕೆ ಹೆಣ್ಣು ಕೊಟ್ಟು ಬೀಗರಾದ ಊರು ಇದು. ಯುಜ್ ಧಾತುವಿಗೆ ಇದಕ್ಕಿಂತ ಒಳ್ಳೆಯ ಅರ್ಥ ಯಾವ ಕೋಶದಲ್ಲೂ ನನಗೆ ಸಿಕ್ಕಿಲ್ಲ.

ಅದೇ ಧಾತು ಸರಕಾರದ ಕಾಗದಕ್ಕೂ ಇಳಿಯಿತು. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಮುಂಬಯಿ ಕಡೆಯವರ ಘೋಷಣೆ 'ಸಂಯುಕ್ತ' ಮಹಾರಾಷ್ಟ್ರ. ಅದರಲ್ಲಿ ನೊಗವಿದೆ. ಕರ್ನಾಟಕದವರು 'ಏಕೀಕರಣ' ಎಂದರು, ಅದರಲ್ಲಿಲ್ಲ. ನಾವು ಸಂಯುಕ್ತದ ಕಡೆ ಉಳಿದೆವು. 1966ರಲ್ಲಿ ಗಡಿ ತಗಾದೆ ಬಿಡಿಸಲು ಮಹಾಜನ ಆಯೋಗ ಬಂತು. ಆ-ಯೋಗ, ನೋಡಿ! 1967ರ ವರದಿಯಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕರ್ನಾಟಕಕ್ಕೆ ಸೇರಲಿ ಎಂದಿತು, ನಿಪ್ಪಾಣಿ, ಖಾನಾಪುರ ಮಹಾರಾಷ್ಟ್ರಕ್ಕೆ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ನಿಯೋಗಗಳು ಹೋದವು, ಬಂದವು. ಯುಜ್ ಧಾತುವಿನ ಇಷ್ಟೆಲ್ಲ ಶಬ್ದ ಖರ್ಚಾದರೂ ಒಂದು ಊರೂ ಇತ್ತಿಂದತ್ತ ಹೂಡಲ್ಪಡಲಿಲ್ಲ. ನಮ್ಮೂರಲ್ಲಿ ಈ ಮಾತು ಈಗ ಚುನಾವಣೆ ಹತ್ತಿರ ಬಂದಾಗಷ್ಟೇ ಏಳುತ್ತದೆ.

ಬಾಪೂನ ಮಗ ಈಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಟ್ರಾಲಿ ಸಿಕ್ಕಿಸುವ ಕೊಂಡಿಗೆ ಅವನೂ ಹುಕ್ಕು ಅನ್ನುತ್ತಾನೆ, ನಾವೂ ಹುಕ್ಕು ಅನ್ನುತ್ತೇವೆ. ಉಗಾದಿ ಪಾಡ್ಯದ ದಿನ ಬೆಳಿಗ್ಗೆ ಬಂದು ಗೂಟದಿಂದ ನೊಗ ಇಳಿಸಿಕೊಡುವವನು ಅವನೇ. ನನಗೆ ಈಗ ಅಷ್ಟು ಮೇಲೆ ಕೈ ಎತ್ತಲು ಆಗುವುದಿಲ್ಲ. ಒರೆಸಿ, ಎಣ್ಣೆ ಹಚ್ಚಿ, ಅರಿಷಿಣ ಕುಂಕುಮ ಇಟ್ಟು ಮತ್ತೆ ಮೇಲೆ ಹಾಕುತ್ತೇವೆ. ಇಳಿಸುವಾಗ ಅವನು ಅದನ್ನು ಜೂ ಎಂದೇ ಕರೆಯುತ್ತಾನೆ.