ಅಂಗಳದ ಆಟ ಮತ್ತು ಶಿಶುಶಿಕ್ಷಣ

ನೆಲದ ಮೇಲೆ ಮನೆಗಳನ್ನು ಬರೆದು, ಬಿಲ್ಲೆ ಎಸೆದು, ಒಂಟಿಕಾಲಿನಿಂದ ಕುಂಟುತ್ತ ಹೋಗುವ ಮಗು ವಿನೋದಕ್ಕಾಗಿಯೇ ಆಡುತ್ತದೆ. ಆದರೆ ಆ ವಿನೋದದಲ್ಲಿಯೇ ದೇಹದ ಸಮತೋಲ, ಕೈಕಣ್ಣುಗಳ ಹೊಂದಿಕೆ, ಎಣಿಕೆ, ಸರದಿಗೆ ಕಾಯುವ ಸಂಯಮ ಇವೆಲ್ಲ ಅದಕ್ಕೆ ಸಿದ್ಧಿಸುತ್ತವೆ. ನಮ್ಮ ಕುಂಟೆಬಿಲ್ಲೆಗೂ ಮಹಾರಾಷ್ಟ್ರದ ಲಂಗಡಿಗೂ ನಿಯಮಗಳು ಬೇರೆಯಾದರೂ ಈ ಪ್ರಯೋಜನ ಎರಡಕ್ಕೂ ಸಮಾನವಾದುದು.

ಮಕ್ಕಳ ಆಟಕ್ಕೆ ಶಾಲೆಯಲ್ಲಿ ಗೌರವದ ಸ್ಥಾನವಿತ್ತವರಲ್ಲಿ ಗಿಜುಭಾಯಿ ಬಧೇಕಾ ಪ್ರಮುಖರು. 1920ರಲ್ಲಿ ಅವರು ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಮಾಂಟೆಸ್ಸೋರಿ ಪದ್ಧತಿಯೊಡನೆ ದೇಶೀಯ ಕಥೆ, ಹಾಡು, ಆಟಗಳನ್ನು ಬೆಸೆದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಅಂದಿನ ಠಾಣಾ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣದ ಕಾರ್ಯವನ್ನು ಕೈಗೊಂಡರು. ಅಸ್ಪೃಶ್ಯರೆನಿಸಿಕೊಂಡವರ ಕೇರಿಯ ಮಕ್ಕಳು ಅಲ್ಲಿಗೆ ಬರಲಿಲ್ಲ. ಆಗ ಅವರೂ ಅನುತಾಯಿ ವಾಘರೂ ಶಾಲೆಯನ್ನೇ ಆ ಕೇರಿಯ ಅಂಗಳಕ್ಕೆ ಒಯ್ದರು. ದುಬಾರಿ ಸಾಧನಗಳ ಬದಲು ಕಲ್ಲು, ಚಿಪ್ಪು, ಬೀಜಗಳು ಬಂದವು. ಆಟ ಹಾಡುಗಳ ಮೂಲಕ ಕಲಿಕೆ ನಡೆಯಿತು. ‘ಅಂಗಣವಾಡಿ’ ಎಂಬ ಹೆಸರು ಈ ಪ್ರಯೋಗದಿಂದ ಬಂದುದು. 1957ರಲ್ಲಿ ಕಾರ್ಯಕ್ಷೇತ್ರವು ಕೋಸಬಾಡದ ಗುಡ್ಡಕ್ಕೆ, ವಾರಲಿ ಜನರ ನಡುವೆ ಸಾಗಿತು. ಅಲ್ಲಿ ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲೇ ಶಾಲೆಯಾಯಿತು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ತಿರುಮಕೂಡಲು ನರಸೀಪುರವು ಮೊದಲ ನೆಲೆಯಾಯಿತು. ಯೋಜನೆಯ ಕೇಂದ್ರಗಳಿಗೆ ಸಂದ ಆ ಹೆಸರು ಇಂದು ಕನ್ನಡದ್ದೇ ಆಗಿದೆ. ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕದ ದಾಖಲೆ ಇವೆಲ್ಲ ಅತ್ಯವಶ್ಯಕ. ಆದರೆ ಓಡಲು, ಕುಂಟಲು, ಅಡಗಲು ಎಡೆಯಿಲ್ಲದ ಒಂದೇ ಕೋಣೆಯ ಕೇಂದ್ರದಲ್ಲಿ, ಆ ಹೆಸರಿನ ಪೂರ್ವಪದವಾದ ಅಂಗಣಕ್ಕೆ ಅರ್ಥವೇ ಉಳಿಯುವುದಿಲ್ಲ.