ಹೊಲದಿಂದ ಕೆರೆಗೆ ಹೋದ ಮಣ್ಣು

ನಮ್ಮ ಹಿಂದೂಪುರ ಸೀಮೆಯ ಚರಿತ್ರೆ ಅಂದ ಕೂಡಲೇ ಲೇಪಾಕ್ಷಿಯ ಬಸವಣ್ಣ, ಪೆನುಕೊಂಡೆಯ ಕೋಟೆ, ಹೇಮಾವತಿಯ ನೊಳಂಬ ಅರಸರು ನೆನಪಿಗೆ ಬರುತ್ತಾರೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಶಾಲೆಯ ಮಕ್ಕಳಿಗೂ ಗೊತ್ತು. ವಾಚನಾಲಯದವರು ಈ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಹೊಳೆದದ್ದು ಬೇರೆ. ನಮ್ಮ ಹೊಲಗಳ ಮೇಲುಮಣ್ಣು ಎಲ್ಲಿಗೆ ಹೋಯಿತು? ಯಾರ ಕಾಲದಲ್ಲಿ ಹೋಯಿತು? ಅರಸರಿಗೆ ಶಾಸನ ಉಂಟು, ಮಣ್ಣಿಗೆ ಇಲ್ಲ. ಆದರೂ ಹುಡುಕಿದರೆ ಅಲ್ಲಲ್ಲಿ ಗುರುತು ಸಿಗುತ್ತದೆ.

ಮೊದಲು ನೀರಿನ ದಾರಿ ನೋಡಬೇಕು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಅಂದರೆ ನಮ್ಮ ಪೆನ್ನೆ, ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಬರುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಇಲ್ಲೇ ಅದನ್ನು ಕೂಡುತ್ತದೆ. ಆಮೇಲೆ ಪೆನ್ನೆ ಪಾವಗಡ ತಾಲ್ಲೂಕಿನ ನಾಗಲಮಡಿಕೆಗೆ ಹೋಗಿ, ಮತ್ತೆ ಆಂಧ್ರಕ್ಕೆ ತಿರುಗಿ ಪೇರೂರು ಡ್ಯಾಮಿಗೆ ಬೀಳುತ್ತದೆ. ಕಲ್ಯಾಣದುರ್ಗದ ಪಶ್ಚಿಮಕ್ಕೆ ವೇದಾವತಿ ಇದೆ. ಕೆಳಗಿನವರು ಅದನ್ನೇ ಹಗರಿ ಅನ್ನುತ್ತಾರೆ. ಅದೂ ಹಿರಿಯೂರಿನ ವಾಣಿವಿಲಾಸ ಸಾಗರ ದಾಟಿ, ಚಳ್ಳಕೆರೆ ಸೀಮೆ ಸುತ್ತಿ ಬರುವ ನೀರು. ಹೀಗೆ ನಮ್ಮ ಎರಡೂ ನದಿಗಳು ಗಡಿಯ ಆಚೆ ಹುಟ್ಟಿದವು. ನೀರಿನ ಜೊತೆ ಆಚೆಯ ಮಣ್ಣು ಈಚೆಗೆ ಬರುತ್ತದೆ, ಈಚೆಯ ಮಣ್ಣು ಇನ್ನೂ ಕೆಳಗೆ ಹೋಗುತ್ತದೆ.

ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಮಳೆ. ಇಷ್ಟು ಕಮ್ಮಿ ಮಳೆಗೆ ಮಣ್ಣು ಹೇಗೆ ಕೊಚ್ಚಿಹೋಗುತ್ತದೆ ಅಂತ ಒಬ್ಬ ಮೇಷ್ಟ್ರು ನನ್ನನ್ನು ಕೇಳಿದ್ದರು. ಮಳೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಹೇಗೆ ಬಿತ್ತು ಅನ್ನುವುದೇ ಮುಖ್ಯ. ಮಲೆನಾಡಿನಲ್ಲಿ ಹಸಿರು ಹೊದ್ದ ನೆಲದ ಮೇಲೆ ತಿಂಗಳುಗಟ್ಟಲೆ ಸುರಿಯುತ್ತದೆ. ನಮ್ಮಲ್ಲಿ ಬೋಳು ಹೊಲದ ಮೇಲೆ ಅರ್ಧ ತಾಸಿನಲ್ಲಿ ಬಡಿದು ಹೋಗುತ್ತದೆ. ಕೆಂಪು ಮಣ್ಣಿಗೆ ದಪ್ಪ ಹನಿ ಬಿದ್ದರೆ ಹೆಂಟೆ ಒಡೆದು, ನುಣ್ಣನೆಯ ಪುಡಿ ಮೇಲೆ ಕೂತು, ಒಣಗಿದ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಮುಂದಿನ ಮಳೆ ಅದರೊಳಗೆ ಇಳಿಯದೆ ಮೇಲೆಯೇ ಹರಿಯುತ್ತದೆ. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಅಂದರೆ 40,000 ಲೀಟರ್ ನೀರು. ಅದರಲ್ಲಿ ಅರ್ಧ ಹರಿದರೂ ಏನಾಗುತ್ತದೆ ಅಂತ ಇಳಿಜಾರು ಹೊಲ ಇರುವವರಿಗೆ ಹೇಳಬೇಕಾಗಿಲ್ಲ. ಎಕರೆಗೆ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೆ ಅದು ಐದು ಟನ್ನಿಗೂ ಮೇಲೆ. ಒಂದು ಮಿಲಿಮೀಟರ್ ಅಂದರೆ ನಮ್ಮ ಕಣ್ಣಿಗೆ ಕಾಣುವುದೂ ಇಲ್ಲ.

ಹಳಬರಿಗೆ ಇದು ತಿಳಿದಿರಲಿಲ್ಲ ಅಂತ ಅಂದುಕೊಳ್ಳಬೇಡಿ. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಹತ್ತಿರ 1369ರ ಶಾಸನ ಒಂದಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ ಅದು. ಒಳ್ಳೆಯ ಕೆರೆಗೆ ಇರಬೇಕಾದ 12 ಅಂಗಗಳು ಯಾವುವು, ಇರಬಾರದ 6 ದೋಷಗಳು ಯಾವುವು ಅಂತ ಆ ಶಾಸನ ಪಟ್ಟಿ ಕೊಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಕೆರೆಯ ನಡುವೆ ದಿಬ್ಬ ಇವು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ! ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ಆ ಲೆಕ್ಕದಲ್ಲಿ ನಮ್ಮ ಮಡಕಶಿರಾ, ಹಿಂದೂಪುರದ ಎಷ್ಟೋ ಕೆರೆಗಳು ಹುಟ್ಟಾ ದೋಷದವು.

ಆ ಆರು ದೋಷಗಳಲ್ಲಿ ಹೂಳು ಇಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು. ಹೂಳು ಬರುವುದೇ, ತೆಗೆಯುವುದೇ. ಅದನ್ನು ದೋಷ ಅಂತ ಅವರು ಎಣಿಸಿಲ್ಲ ಅಂತ ನನ್ನ ಊಹೆ. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯ ಹೂಳು ಸಾಗಿಸುವ ಬಂಡಿಗೆ ಅಂತಲೇ ದತ್ತಿ ಬಿಟ್ಟದ್ದು ಕಾಣುತ್ತದೆ. ಬಿತ್ತುವಟ್ಟ, ಕಟ್ಟುಕೊಡಿಗೆ ಅನ್ನುವ ಮಾತುಗಳೆಲ್ಲ ಕೆರೆ ಕಟ್ಟುವ, ಕಾಪಾಡುವ ಏರ್ಪಾಟಿನವು. ನಮ್ಮ ಕಡೆ ಅದೇ ದಶಬಂಧದ ಇನಾಂ. ಭೂಮಿ ಅನುಭವಿಸುವವನು ಕೆರೆ ನೋಡಿಕೊಳ್ಳಬೇಕು ಅನ್ನುವುದು ಕರಾರು. ಯುಗಾದಿ ಕಳೆದು ಕೆರೆ ಬತ್ತಿದ ಮೇಲೆ ಬಂಡಿ ಕಟ್ಟಿ ಗೋಡು ಹೊಡೆಯುವುದನ್ನು ನಾನೂ ಚಿಕ್ಕಂದಿನಲ್ಲಿ ಕಂಡಿದ್ದೇನೆ. ಹೊಲದಿಂದ ಹೋದ ಮಣ್ಣು ಕೆರೆಯಲ್ಲಿ ದನದ ಸಗಣಿ, ಕೊಳೆತ ಎಲೆ ಸೇರಿಸಿಕೊಂಡು ಮತ್ತೆ ಹೊಲಕ್ಕೇ ಬರುತ್ತಿತ್ತು. ನಮ್ಮ ತಾತ ಗೋಡನ್ನು ಹೂಳು ಅಂತ ಕರೆದದ್ದು ನಾನು ಕೇಳಿಲ್ಲ. ಕೆರೆ ತುಂಬಿಸಿಕೊಂಡರೆ ಅದು ಹೂಳು, ನಾವು ತುಂಬಿಕೊಂಡು ಬಂದರೆ ಗೋಡು.

1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದು ಹೊಲ ಹೊಲ ಅಳೆಸಿದ. ಮನ್ರೋ ಹೆಸರನ್ನು ನಮ್ಮ ಹಿರಿಯರು ಭಕ್ತಿಯಿಂದ ಹೇಳುತ್ತಿದ್ದರು, ಅದು ಬೇರೆ ಮಾತು. ಅವನ ಅಮೀನರು ಮಣ್ಣನ್ನು ನೋಡಿಯೇ ದರ್ಜೆ ಹಾಕಿದರು: ಎರೆ, ಕೆಂಪು, ಮರಳು ಅಂತ. ಆದರೆ ಮಣ್ಣು ನಿಂತಲ್ಲಿ ನಿಲ್ಲುವ ವಸ್ತು ಅಲ್ಲ. ಅಲ್ಲಿಂದೀಚೆಗೆ ಎಷ್ಟು ಸರ್ವೆ, ಎಷ್ಟು ಸೆಟ್ಲ್‌ಮೆಂಟ್ ಆದರೂ ನಮ್ಮ ಅಡಂಗಲ್‌ನಲ್ಲಿ ಎಕರೆ ಇದೆ, ಸೆಂಟು ಇದೆ, ಆಳ ಇಲ್ಲ. ಒಂದು ಮೊಳ ಮಣ್ಣಿದ್ದ ಹೊಲ ಒಂದು ಗೇಣಿಗೆ ಇಳಿದರೂ ಕಾಗದದಲ್ಲಿ ಅಷ್ಟೇ ಎಕರೆ.

ಇಲ್ಲಿ ನಮ್ಮ ಮನೆಯ ಮಾತು ಹೇಳಲೇಬೇಕು. ತಾತ ತೀರಿಕೊಂಡ ಮೇಲೆ ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ ಒಂಬತ್ತು ಎಕರೆ ಹೊಲ ಭಾಗ ಮಾಡಿಕೊಂಡರು. ಆ ಹೊಲ ಗುಡ್ಡದ ಬುಡದಿಂದ ಹಳ್ಳದವರೆಗೆ ಇಳಿಜಾರು. ಮೇಲೆ ಗರಸು, ಕೆಳಗೆ ಮೆಕ್ಕಲು. ಮೇಲಿನದು ಒಬ್ಬನಿಗೆ, ಕೆಳಗಿನದು ಒಬ್ಬನಿಗೆ ಅಂದರೆ ಅನ್ಯಾಯ. ಅದಕ್ಕೇ ಪಂಚಾಯಿತಿಯವರು ಮೇಲಿಂದ ಕೆಳಗಿನವರೆಗೆ ಮೂರು ಉದ್ದ ಪಟ್ಟಿ ಮಾಡಿ ಹಂಚಿದರು. ಮೂವರಿಗೂ ಗರಸು ಸಿಕ್ಕಿತು, ಮೂವರಿಗೂ ಮೆಕ್ಕಲು ಸಿಕ್ಕಿತು, ಮೂವರೂ ಒಪ್ಪಿದರು. ನಮ್ಮ ಕಡೆಯ ಊರುಗಳಲ್ಲಿ ಹೀಗೆ ಭಾಗವಾದ ಹೊಲಗಳು ಬೇಕಾದಷ್ಟಿವೆ.

ಪಟ್ಟಿ ಕಿರಿದಾಯಿತು. ಅಡ್ಡ ಉಳುವುದಾದರೆ ನಾಲ್ಕು ಹೆಜ್ಜೆಗೊಮ್ಮೆ ಎತ್ತು ತಿರುಗಿಸಬೇಕು. ಅದಕ್ಕೆ ಮೂವರೂ ಉದ್ದಕ್ಕೇ ಉತ್ತರು, ಅಂದರೆ ಇಳಿಜಾರಿಗೇ. ಪ್ರತಿ ಸಾಲೂ ಒಂದೊಂದು ಸಣ್ಣ ಕಾಲುವೆ. ಭಾಗದ ಬದುವೂ ಇಳಿಜಾರಿಗೇ ಇತ್ತಲ್ಲ, ಅದರ ಮಗ್ಗುಲಲ್ಲಿ ನೀರು ಓಡಿ ಓಡಿ, ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಆಳೆತ್ತರದ ಕೊರಕಲು ಬಿದ್ದಿತ್ತು. ‘ಹೊಲದಾಗೆ ಕಲ್ಲು ಬೆಳೀತಾವೆ’ ಅಂತ ನಮ್ಮಮ್ಮ ಅನ್ನೋಳು. ಕಲ್ಲು ಬೆಳೆಯಲಿಲ್ಲ, ಅದರ ಸುತ್ತಲಿನ ಮಣ್ಣು ಹೋಯಿತು. ಅಣ್ಣತಮ್ಮಂದಿರ ನಡುವೆ ನ್ಯಾಯವಾಗಲಿ ಅಂತ ಮಾಡಿದ ಭಾಗ ಇದು. ಯಾರನ್ನು ಬಯ್ಯೋಣ?

ಅದೇ ಕಾಲಕ್ಕೆ ಕಡಲೆಕಾಯಿ ಬಂತು. ಮೊದಲೂ ಇತ್ತು, ಆದರೆ ಸಜ್ಜೆ, ನವಣೆ, ಹುರುಳಿ, ತೊಗರಿಯ ಜೊತೆಗಿತ್ತು. 1990ರ ದಶಕದ ಹೊತ್ತಿಗೆ ಅವಿಭಜಿತ ಅನಂತಪುರ ಜಿಲ್ಲೆಯಲ್ಲಿ 7 ಲಕ್ಷ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಅದೊಂದೇ ಬೆಳೆ. ಕಲ್ಯಾಣದುರ್ಗ, ಕುಂದುರ್ಪಿ, ಕಂಬದೂರು ಕಡೆ ಕಣ್ಣು ಹಾಯಿಸಿದಷ್ಟು ದೂರ ಕಡಲೆಕಾಯಿಯೇ. ಬಿತ್ತಿದ ಮೇಲೆ ಗಿಡ ನೆಲ ಮುಚ್ಚಲು ತಿಂಗಳಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಕುಂಟೆ ಹೊಡೆದು ನೆಲ ಸಡಿಲ ಮಾಡಿರುತ್ತೇವೆ. ಕೊನೆಗೆ ಬೇರುಸಹಿತ ಕಿತ್ತುಬಿಡುತ್ತೇವೆ. ಸಜ್ಜೆ ಕೊಯ್ದರೆ ಕೂಳೆಯಾದರೂ ನಿಲ್ಲುತ್ತಿತ್ತು. ಕಡಲೆಕಾಯಿ ಕಿತ್ತ ಹೊಲ ಉತ್ತ ಹೊಲದ ಹಾಗೆಯೇ ಇರುತ್ತದೆ, ಚಿತ್ತೆ, ಸ್ವಾತಿ ಮಳೆ ಜೋರಾಗಿ ಬೀಳುವುದೂ ಆಗಲೇ. ಹಾಗಂತ ಕಡಲೆಕಾಯಿಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಫೀಸು ಕಟ್ಟಿದ್ದು ಅದೇ.

ಸರ್ಕಾರ ಸುಮ್ಮನಿತ್ತು ಅಂತಲ್ಲ. 1930ರ ದಶಕದಲ್ಲೇ ಸೊಲ್ಲಾಪುರ, ಬಿಜಾಪುರ, ರಾಯಚೂರು, ಬಳ್ಳಾರಿಯ ಹಗರಿ ಇಲ್ಲೆಲ್ಲ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. ಮದರಾಸು ಸರ್ಕಾರ 1949ರಲ್ಲಿ ಸಮಪಾತಳಿ ಬದುಗಳಿಗಾಗಿಯೇ ಕಾಯಿದೆ ತಂದಿತು. ಸಮಪಾತಳಿ ಅಂದರೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಸಾಗುವ ಗೆರೆ. ಆ ಗೆರೆಗೆ ಸರ್ವೆ ನಂಬರು ಗೊತ್ತಿಲ್ಲ, ಅಣ್ಣತಮ್ಮಂದಿರ ಪಾಲೂ ಗೊತ್ತಿಲ್ಲ. ನಮ್ಮ ಹೊಲಕ್ಕೂ ಒಂದು ಯೋಜನೆಯಲ್ಲಿ ಬದು ಬಂತು. ದೊಡ್ಡಪ್ಪ ತನ್ನ ಪಾಲಿನಲ್ಲಿ ಬೇಡ ಅಂದುಬಿಟ್ಟ. ಕಟ್ಟಿಸಲು ಬಂದವರು ಅಲ್ಲಿಗೇ ನಿಲ್ಲಿಸಿ, ಉಳಿದ ಎರಡು ಪಾಲಿಗೆ ಕಟ್ಟಿ ಬಿಲ್ಲು ಬರೆದುಕೊಂಡು ಹೋದರು. ಆ ವರ್ಷದ ಉತ್ತರೆ ಮಳೆಗೆ ನೀರೆಲ್ಲ ಬದುವಿನ ತುದಿಗೆ ನುಗ್ಗಿ, ದೊಡ್ಡಪ್ಪನ ಪಾಲು ಮೊದಲಿಗಿಂತ ಜಾಸ್ತಿ ಕೊಚ್ಚಿತು. ಎರಡು ಮನೆಯವರು ಆರು ವರ್ಷ ಮಾತಾಡಲಿಲ್ಲ.

ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಥೆ. 1995ರಲ್ಲಿ ಜಿಲ್ಲೆಯನ್ನು ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮಕ್ಕೆ ಸೇರಿಸಿದರು. ‘ನಾವು ಮರುಭೂಮಿಯಾ?’ ಅಂತ ಆಗ ಜನ ನಕ್ಕರು; ಬೊಮ್ಮನಹಾಳ್ ಕಡೆ ಹಗರಿಯ ಮರಳು ಹೊಲಗಳ ಮೇಲೆ ಹತ್ತುವುದನ್ನು ಕಂಡವರು ನಗಲಿಲ್ಲ. 2006ರ ಫೆಬ್ರವರಿ 2ರಂದು ಇಡೀ ದೇಶದ ಉದ್ಯೋಗ ಖಾತರಿ ಯೋಜನೆ ಶುರುವಾದದ್ದು ನಮ್ಮ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಕಲ್ಲುಬದು, ಕಂದಕ, ಚೆಕ್ ಡ್ಯಾಮ್, ಕೃಷಿಹೊಂಡ ಊರೂರಿಗೆ ಬಂದವು.

ಅದರ ಜೊತೆ ಜಗಳವೂ ಬಂತು. ಮೇಲಿನವರು ನೀರನ್ನು ಹೊಲದಲ್ಲೇ ನಿಲ್ಲಿಸಿದರೆ ಕೆರೆಗೆ ಬರುವುದು ಕಮ್ಮಿಯಾಗುತ್ತದೆ. ‘ನಿಮ್ಮ ಬದುವಿನಿಂದ ನಮ್ಮ ಅಚ್ಚುಕಟ್ಟು ಒಣಗಿತು’ ಅಂತ ಕೆರೆಬಯಲಿನವರು ಅಂದರೆ ಅದರಲ್ಲಿ ಸುಳ್ಳಿಲ್ಲ. ಇದೇ ಜಗಳ ದೊಡ್ಡ ಅಳತೆಯಲ್ಲಿ 1892ರಲ್ಲೇ ಆಗಿತ್ತು. ಆ ವರ್ಷ ಮದರಾಸು, ಮೈಸೂರು ಸರ್ಕಾರಗಳು ಒಪ್ಪಂದ ಮಾಡಿಕೊಂಡವು: ಪೆನ್ನೆ, ವೇದಾವತಿಯಂಥ ನದಿಗಳ ಮೇಲೆ ಮೈಸೂರಿನವರು ಮದರಾಸನ್ನು ಕೇಳದೆ ಹೊಸ ಜಲಾಶಯ ಕಟ್ಟಬಾರದು. ಅಲ್ಲಿಂದ ಇಲ್ಲಿಯವರೆಗೆ ಎಲ್ಲ ತಕರಾರೂ ನೀರಿನ ಲೆಕ್ಕದ್ದೇ, ಟಿಎಂಸಿ, ಕ್ಯೂಸೆಕ್ಸು. ಮೇಲಿನಿಂದ ಬರುವ ಮಣ್ಣಿನ ಲೆಕ್ಕ ಯಾರೂ ಕೇಳಲಿಲ್ಲ. ಆದರೆ ನೀರಿನ ಲೆಕ್ಕ ಕೆಡಿಸಿದ್ದೇ ಆ ಮಣ್ಣು. ತುಂಗಭದ್ರಾ ಡ್ಯಾಮು 1953ರಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಹಿಡಿಯುವುದು 105ರ ಸುಮಾರು. ಮಿಕ್ಕ ಜಾಗದಲ್ಲಿ ಇರುವುದು ಹೂಳು. ಅನಂತಪುರಕ್ಕೆ ಮೇಲ್ಮಟ್ಟದ ಕಾಲುವೆಯಲ್ಲಿ ಬರುವ ನೀರು ಅದೇ ಡ್ಯಾಮಿನದು. ಶಿವಮೊಗ್ಗ, ಹಾವೇರಿ ಕಡೆ ಯಾವನೋ ರೈತ ಇಳಿಜಾರಿಗೆ ಉತ್ತದ್ದಕ್ಕೆ ನಮ್ಮ ಕಾಲುವೆ ಮುಂಚೆಯೇ ಬತ್ತುತ್ತದೆ. ಅವನಿಗೂ ಭಾಗದ ತಾಪತ್ರಯ ಇದ್ದೀತು.

ಇಷ್ಟೆಲ್ಲ ಓದಿದ ಮೇಲೆ ಹೋದ ಬೇಸಿಗೆಯಲ್ಲಿ ಒಂದು ಟೇಪು ಹಿಡಿದುಕೊಂಡು ನಮ್ಮ ಹೊಲಕ್ಕೆ ಹೋದೆ. ಮೇಷ್ಟ್ರುಗಳು ಮಕ್ಕಳ ಕೈಲೂ ಇದನ್ನು ಮಾಡಿಸಬಹುದು. ಸರ್ವೆ ಕಲ್ಲನ್ನು ಮುಕ್ಕಾಲು ಭಾಗ ನೆಲದೊಳಗೆ ಹೂತಿರುತ್ತಾರೆ. ಗುಡ್ಡದ ಕಡೆಯ ನಮ್ಮ ಮೂಲೆಯ ಕಲ್ಲು ಈಗ ಮೊಣಕಾಲಿಗಿಂತ ಮೇಲೆ ನಿಂತಿದೆ, ಉಳಿಯ ಗುರುತಿಲ್ಲದ ಒರಟು ಭಾಗವೂ ಹೊರಗೆ ಕಾಣುತ್ತದೆ. ಹಳ್ಳದ ಕಡೆಯ ಕಲ್ಲು ಎಲ್ಲಿದೆ ಅಂತ ಗುದ್ದಲಿ ಹಾಕಿ ಹುಡುಕಬೇಕಾಯಿತು. ಆಳ ಬರೆಯದ ಸರ್ವೆಯವರು ಆಳದ ಅಳತೆಗೋಲನ್ನು ಮಾತ್ರ ನೆಟ್ಟು ಹೋಗಿದ್ದಾರೆ.

ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ ಮೂವರೂ ಈಗಿಲ್ಲ. ಮೂರು ವರ್ಷದ ಕೆಳಗೆ ಅವರ ಮಕ್ಕಳು ನಾವು ಮೂರು ಪಾಲಿಗೂ ಸೇರಿ ಅಡ್ಡ ಉಳೋಣ ಅಂತ ಮಾತಾಡಿಕೊಂಡೆವು. ಬೆಳೆ ಅವರವರದೇ, ಸಾಲು ಮಾತ್ರ ಒಂದೇ. ಖಾತರಿ ಕೆಲಸದಲ್ಲಿ ಒಂದು ಕಲ್ಲುಬದುವನ್ನೂ ಮೂರು ಪಾಲಿಗೆ ಅಡ್ಡವಾಗಿ ಹಾಕಿಸಿದೆವು, ಈ ಸಲ ಮಧ್ಯದಲ್ಲಿ ಎಲ್ಲೂ ನಿಲ್ಲಲಿಲ್ಲ. ಬದುವಿನ ಮೇಲ್ಗಡೆ ಮಣ್ಣು ನಿಂತಿದೆ: ನಮ್ಮ ಪಾಲಿನಲ್ಲಿ ನಾಲ್ಕು ಬೆರಳು, ಹೊಲ ಸ್ವಲ್ಪ ಆ ಕಡೆಗೆ ವಾಲಿರುವುದರಿಂದ ಚಿಕ್ಕಪ್ಪನ ಮಗನ ಪಾಲಿನಲ್ಲಿ ಒಂದು ಗೇಣು. ಅವನ ತೊಗರಿ ಅಲ್ಲಿ ಎದೆಮಟ್ಟ ಬಂದಿದೆ. ‘ಅಣ್ಣಾ, ನಿನ್ನ ಮಣ್ಣು ನನ್ನ ಕಡೆ ಬಂದೈತೆ, ಬೇಕಾದ್ರೆ ಬಂಡಿ ಕಟ್ಟಿ ಹೊಡ್ಕೊಂಡು ಹೋಗು’ ಅಂದ. ಬಂಡಿ ಈಗ ನಮ್ಮ ಮೂರು ಮನೆಯಲ್ಲೂ ಇಲ್ಲ.