ಕಿಡಿ ಮತ್ತು ಗಾಳಿ: ಅಪಾಯದ ತಾಣಗಳಲ್ಲಿ ವಿದ್ಯುತ್ ಸುರಕ್ಷತೆಯ ಚರಿತ್ರೆ

ಮೈಸೂರು ಸಂಸ್ಥಾನದಲ್ಲಿ ಜಲವಿದ್ಯುತ್ತು ಮೊದಲು ಹರಿದದ್ದು ಊರಿನ ಬೀದಿಗಲ್ಲ, ಗಣಿಗೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರ ಯೋಜನೆಯಿಂದ 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ತಲುಪಿತು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರಲ್ಲಿ. ನಮ್ಮ ವಿದ್ಯುತ್ ಚರಿತ್ರೆ ಹೀಗೆ ಶಾಖ, ತೇವ, ಸಿಡಿಮದ್ದು, ಬಂಡೆಸ್ಫೋಟಗಳ ನಡುವೆ ಆರಂಭವಾಯಿತು. ಆದರೆ ಗಾಳಿಯೇ ಹೊತ್ತಿಕೊಳ್ಳುವ ಜಾಗದಲ್ಲಿ ತಂತಿ ಎಳೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಕಲ್ಲಿದ್ದಲು ಗಣಿಗಳಲ್ಲಿ, ಅಪಾರ ಪ್ರಾಣಹಾನಿಯ ನಂತರ.

ಎರಡು ಮಾರ್ಗ

ಕಲ್ಲಿದ್ದಲು ಗಣಿಯ ಗಾಳಿಯಲ್ಲಿ ಮೀಥೇನ್ ಪ್ರಮಾಣ ಸುಮಾರು ಶೇ. 5ರಿಂದ 15ರಷ್ಟಿದ್ದರೆ ಒಂದು ಸಣ್ಣ ಕಿಡಿಗೂ ಅದು ಸಿಡಿಯುತ್ತದೆ. 1815ರಲ್ಲಿ ಹಂಫ್ರಿ ಡೇವಿ ದೀಪದ ಜ್ವಾಲೆಗೆ ಲೋಹದ ಜಾಲರಿ ಸುತ್ತಿ, ಜ್ವಾಲೆ ತಣ್ಣಗಾಗಿ ಹೊರಗೆ ದಾಟದಂತೆ ಮಾಡಿದ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಕಾರ್ಲ್ ಬೈಲಿಂಗ್ ಮೋಟಾರು, ಸ್ವಿಚ್ಚುಗಳ ಕವಚದ ಮೇಲೆ ಪ್ರಯೋಗ ನಡೆಸಿದ. ಇಂದಿನ ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಮೂಲ ಅಲ್ಲಿದೆ. ಈ ಪೆಟ್ಟಿಗೆ ಅನಿಲವನ್ನು ತಡೆಯುವುದಿಲ್ಲ. ಒಳಗೆ ಸ್ಫೋಟವಾದರೂ ಒಡೆಯದೆ ತಾಳಿಕೊಳ್ಳುತ್ತದೆ, ಮುಚ್ಚಳದ ಕಿರಿದಾದ ಸಂದಿನಲ್ಲಿ ಜ್ವಾಲೆಯನ್ನು ತಣಿಸುತ್ತದೆ. ಆದ್ದರಿಂದಲೇ ಒಂದು ಬೋಲ್ಟು ಕಳಚಿದರೂ, ಸಂದಿನ ಮುಖ ಗೀರಾದರೂ ಅದರ ರಕ್ಷಣೆ ನೆಚ್ಚುವಂತಿಲ್ಲ.

ಎರಡನೆಯ ಮಾರ್ಗ ತೆರೆದದ್ದು ಗಣಿಯ ಗಂಟೆಯಿಂದ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿಡ್ ಗಣಿಯ ಸ್ಫೋಟದಲ್ಲಿ 439 ಕಾರ್ಮಿಕರು ಸತ್ತರು. ಸಂಜ್ಞೆ ಕೊಡುವ ಗಂಟೆಯ ಬರಿ ತಂತಿಗಳಿಂದ ಎದ್ದ ಕಿಡಿಯ ಮೇಲೆ ಅನುಮಾನ ಮೂಡಿತು. ಬ್ಯಾಟರಿಯ ವೋಲ್ಟೇಜು ಕಡಿಮೆ ಎಂದು ಅದನ್ನು ನಿರಪಾಯಕಾರಿ ಎಂದೇ ಭಾವಿಸಲಾಗಿತ್ತು. ಗಂಟೆಯ ಸುರುಳಿಯಲ್ಲಿ ಕೂಡಿಟ್ಟ ಶಕ್ತಿ ಸರ್ಕ್ಯೂಟು ಕಡಿದಾಗ ಕಿಡಿಯಾಗಿ ಹಾರುತ್ತದೆಂದು ವಿಜ್ಞಾನಿಗಳಾದ ವೀಲರ್ ಮತ್ತು ಥಾರ್ನ್‌ಟನ್ ಅವರ ಸಂಶೋಧನೆಗಳು ತೋರಿಸಿದವು. ಸರ್ಕ್ಯೂಟಿನ ಶಕ್ತಿಯನ್ನೇ ಅನಿಲ ಹೊತ್ತಿಸಲಾಗದಷ್ಟು ಮಿತಗೊಳಿಸುವ ವಿಧಾನ ಹೀಗೆ ಹುಟ್ಟಿತು.

ಭಾರತದ ನಿಯಮಗಳು

1956ರ ಭಾರತೀಯ ವಿದ್ಯುತ್ ನಿಯಮಗಳು ಗಣಿ ಮತ್ತು ತೈಲಕ್ಷೇತ್ರಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟವು. ಅದೇ ವರ್ಷ ಧನಬಾದ್‌ನಲ್ಲಿ ಗಣಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಫ್ಲೇಮ್‌ಪ್ರೂಫ್ ಉಪಕರಣಗಳ ಪರೀಕ್ಷೆ ಅದರ ಕೆಲಸಗಳಲ್ಲೊಂದಾಯಿತು. ಭಾರತೀಯ ಮಾನಕ ಐಎಸ್ 5572 ಅಪಾಯದ ಪ್ರದೇಶವನ್ನು ವಿಂಗಡಿಸಿತು: ಅನಿಲ ಸದಾ ಇರುವಲ್ಲಿ ವಲಯ 0, ಸಾಮಾನ್ಯ ಕೆಲಸದ ವೇಳೆ ಬರಬಹುದಾದಲ್ಲಿ ವಲಯ 1, ಅಪರೂಪಕ್ಕೆ, ಅಲ್ಪಕಾಲ ಬರುವಲ್ಲಿ ವಲಯ 2. ಈ ವಿಂಗಡಣೆಯಿಂದ ಉಪಕರಣದ ಆಯ್ಕೆ ಜಾಗದ ಗುಣವನ್ನು ಅನುಸರಿಸತೊಡಗಿತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ದೊಡ್ಡ ತಿರುವು ಇದೇ.

ನಮ್ಮ ಸೀಮೆಗೆ

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಸುತ್ತ ಕಲ್ಲಿದ್ದಲು ಗಣಿಯಿಲ್ಲ. ಆದರೆ ಪೆಟ್ರೋಲ್ ಬಂಕು, ಅಡುಗೆ ಅನಿಲದ ಗೋದಾಮು, ಹಿಟ್ಟಿನ ಗಿರಣಿ, ಮರ ಕೊಯ್ಯುವ ಮಿಲ್ಲುಗಳು ಈ ಸೀಮೆಗೆ ಹೊಸವಲ್ಲ. ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಸಕ್ಕರೆ, ಹಿಟ್ಟು, ಮರದ ಪುಡಿ ಗಾಳಿಯಲ್ಲಿ ದಟ್ಟವಾಗಿ ತೇಲಿದರೆ ಅವೂ ಸಿಡಿಯುತ್ತವೆ. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆ ಧೂಳು ಹೊತ್ತಿ 14 ಮಂದಿ ಸತ್ತರು. ಕಾದ ಬೇರಿಂಗ್ ಮೂಲವಾಗಿದ್ದಿರಬಹುದೆಂದು ತನಿಖೆ ಹೇಳಿತು. ಅಂದರೆ ಕಿಡಿಯೇ ಹಾರಬೇಕೆಂದಿಲ್ಲ, ಬಿಸಿ ಮೇಲ್ಮೈಯೂ ಸಾಕು. ಅದಕ್ಕಾಗಿಯೇ ಅನಿಲದ ಜಾಗಗಳಿಗೆ ಬಳಸುವ ಉಪಕರಣಗಳಿಗೆ ಟಿ1ರಿಂದ ಟಿ6ರವರೆಗೆ ತಾಪದ ವರ್ಗಗಳಿವೆ. ಟಿ1ರಲ್ಲಿ ಮೇಲ್ಮೈ 450 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು, ಟಿ6ರಲ್ಲಿ 85 ಡಿಗ್ರಿ ಮೀರುವಂತಿಲ್ಲ. ಧೂಳಿನ ಜಾಗಗಳಿಗೆ 20, 21, 22 ಎಂಬ ಬೇರೆಯೇ ವಲಯಗಳುಂಟು.

ಈ ಜ್ಞಾನ ಇಂದು ಮಾನಕಗಳಲ್ಲಿ ಇಂಗ್ಲಿಷಿನಲ್ಲಿದೆ, ಪಾನಾ ಹಿಡಿದ ಕೈ ಕನ್ನಡದ್ದು. ಬೋಲ್ಟನ್ನು ಮತ್ತೆ ಬಿಗಿಯುವ, ಕೇಬಲ್ ಗ್ಲ್ಯಾಂಡ್ ಮುಚ್ಚುವ, ಶೇಖರಗೊಂಡ ಧೂಳನ್ನು ಗುಡಿಸುವ ಕೆಲಸಗಾರನಿಗೆ ಅದರ ಕಾರಣ ಅವನ ಭಾಷೆಯಲ್ಲಿ ತಿಳಿಯಬೇಕು. ವಲಯ ನಕ್ಷೆ ಗೇಟಿನ ಬಳಿ ಕನ್ನಡದಲ್ಲಿ ತೂಗಬೇಕು, ಐಟಿಐಗಳ ಪಾಠದಲ್ಲಿ ಸೆಂಗೆನಿಡ್‌ನ ಗಂಟೆಗೂ ಸ್ಥಾನ ಸಿಗಬೇಕು. ನಿಯಮದ ಹಿಂದಿನ ಸಾವುಗಳನ್ನು ಅರಿತವನು ಆ ನಿಯಮವನ್ನು ಅಡ್ಡಿಯೆಂದು ಬಗೆಯಲಾರ.